ಮೂತಿ ನೋಡಿ ತಳಿ ಹೇಳುವ ಶಾಸ್ತ್ರ

ಬೀದಿಯಿಂದಲೋ ಪ್ರಾಣಿಗಳ ಆಶ್ರಯಧಾಮದಿಂದಲೋ ಮನೆಗೆ ಬಂದ ನಾಯಿಯ ಮೂತಿ, ಕಿವಿ, ಬಾಲ, ಬಣ್ಣಗಳನ್ನು ನೋಡಿದರೆ ಅದರಲ್ಲಿ ಯಾವ ಯಾವ ತಳಿಗಳು ಬೆರೆತಿವೆ ಎಂದು ಹೇಳಬಹುದು, ಹಾಗೆ ತಿಳಿದ ತಳಿಯಿಂದ ಆ ನಾಯಿ ಮುಂದೆ ಹೇಗೆ ನಡೆದುಕೊಂಡೀತು ಎಂಬುದನ್ನೂ ಊಹಿಸಬಹುದು ಎಂಬ ಅಭಿಪ್ರಾಯವು ನಾಯಿ ಸಾಕುವವರಲ್ಲಿ, ದತ್ತು ಕೊಡುವವರಲ್ಲಿ, ಪತ್ರಿಕೆಗಳ ವರದಿಗಳಲ್ಲಿ, ಕೊನೆಗೆ ಸರ್ಕಾರದ ಸುತ್ತೋಲೆಗಳಲ್ಲಿಯೂ ಬೇರುಬಿಟ್ಟಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಅಂದರೆ ಕನ್ನಡ ಮರಾಠಿಗಳೆರಡೂ ಮನೆಮಾತಾಗಿರುವ, ಮಳೆಗೆ ಬರವಿರುವ, ಕುರಿಗಾಹಿಗಳಿಗೆ ಹೆಸರಾದ ಗಡಿಸೀಮೆಯಲ್ಲಿ, ಈ ಅಭಿಪ್ರಾಯ ತನ್ನದೇ ಒಂದು ರೂಪ ತಾಳಿದೆ: ಉದ್ದ ಕಾಲು, ಚೂಪು ಮೂತಿ, ಒಳಸರಿದ ಹೊಟ್ಟೆಯ ಯಾವ ಜವಾರಿ ನಾಯಿ ಕಣ್ಣಿಗೆ ಬಿದ್ದರೂ ಅದು ಇಲ್ಲಿನ ಬೇಟೆನಾಯಿಯ ಬೆರಕೆ, ಅಂದರೆ 'ಕಾರವಾನಿ ಕ್ರಾಸ್' ಅಥವಾ 'ಮುಧೋಳ ಕ್ರಾಸ್', ಎಂಬ ತೀರ್ಪು ಸಿದ್ಧವಾಗಿರುತ್ತದೆ. ಅದೇ ಸೂಲಿನ ಮರಿಗಳು ಮಿರಜ, ಕೊಲ್ಹಾಪುರ, ಪುಣೆಗಳ ಮನೆಗಳಿಗೆ ದತ್ತು ಹೋದರೆ ದುಂಡುಮುಖದ್ದು 'ಲ್ಯಾಬ್ ಮಿಕ್ಸ್' ಆಗುತ್ತದೆ, ಬೆನ್ನು ಕಪ್ಪಾದದ್ದು 'ಜರ್ಮನ್ ಶೆಫರ್ಡ್ ಮಿಕ್ಸ್' ಆಗುತ್ತದೆ, ಹುಬ್ಬಿನ ಮೇಲೆ ಕಂದು ಚುಕ್ಕೆಯಿರುವುದು 'ಡಾಬರ್‌ಮನ್ ಮಿಕ್ಸ್' ಆಗುತ್ತದೆ.

ಈ ತೀರ್ಪುಗಳು ಬಹುಪಾಲು ತಪ್ಪು ಎಂಬುದಷ್ಟೇ ಇಲ್ಲಿನ ಆಕ್ಷೇಪವಲ್ಲ. ಅವುಗಳ ಹಿಂದಿರುವ ಪ್ರಶ್ನೆಯೇ ತಪ್ಪು ಎಂಬುದು ಆಕ್ಷೇಪ. ಜತ್ತದ ಬೀದಿನಾಯಿಯಲ್ಲಿ ಯಾವ ತಳಿಗಳು ಬೆರೆತಿವೆ ಎಂದು ಕೇಳುವವರು ಆ ನಾಯಿ ತಳಿಗಳ ಬೆರಕೆಯಿಂದ ಹುಟ್ಟಿದ್ದು ಎಂಬುದನ್ನು ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತಾರೆ, ಮತ್ತು ಹಾಗೆ ಒಪ್ಪಿಕೊಳ್ಳಲು ಅವರ ಬಳಿ ಯಾವ ಆಧಾರವೂ ಇರುವುದಿಲ್ಲ.

ಮೊದಲು ಕಣ್ಣಿನ ಸಾಮರ್ಥ್ಯದ ಮಾತು. ನಾಯಿಯನ್ನು ನೋಡಿ ತಳಿ ಹೇಳುವ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿ ವಿಕ್ಟೋರಿಯಾ ವೊಯ್ತ್ ಅವರ ಹೆಸರು ಮುಖ್ಯವಾದದ್ದು. 2009ರಲ್ಲಿ ಅವರ ತಂಡ ಆಶ್ರಯಧಾಮಗಳಿಂದ ದತ್ತು ಹೋದ 20 ನಾಯಿಗಳನ್ನು ತೆಗೆದುಕೊಂಡು, ದತ್ತು ಕೊಟ್ಟ ಸಂಸ್ಥೆಗಳು ಬರೆದ ತಳಿಯನ್ನು ಡಿಎನ್‌ಎ ಪರೀಕ್ಷೆಯ ಫಲಿತಾಂಶದೊಡನೆ ಹೋಲಿಸಿದಾಗ, ಸಂಸ್ಥೆ ಹೆಸರಿಸಿದ ತಳಿಯೊಂದಾದರೂ ಪರೀಕ್ಷೆಯಲ್ಲಿ ಪ್ರಧಾನ ತಳಿಯಾಗಿ ಕಂಡದ್ದು ಕಾಲುಭಾಗದಷ್ಟು ನಾಯಿಗಳಲ್ಲಿ ಮಾತ್ರ. ಅನುಭವವಿಲ್ಲದ ಸಿಬ್ಬಂದಿ ಬರೆದಿರಬೇಕು, ತಜ್ಞರಾದರೆ ಹೀಗಾಗುತ್ತಿರಲಿಲ್ಲ ಎಂಬ ಸಮಾಧಾನಕ್ಕೂ ಅವರು ಎಡೆ ಉಳಿಸಲಿಲ್ಲ: 2013ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಪಶುವೈದ್ಯರು, ಆಶ್ರಯಧಾಮದ ಕಾರ್ಯಕರ್ತರು, ತರಬೇತುದಾರರೇ ಮೊದಲಾದ 900ಕ್ಕೂ ಹೆಚ್ಚು ಜನ 20 ನಾಯಿಗಳನ್ನು ದೃಶ್ಯಮುದ್ರಿಕೆಯಲ್ಲಿ ನೋಡಿ ತಳಿ ಹೇಳಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಪ್ರಧಾನ ತಳಿಯನ್ನು ಹೆಸರಿಸಿದ್ದು 7 ನಾಯಿಗಳ ವಿಷಯದಲ್ಲಿ ಮಾತ್ರ, ಆ 7ರಲ್ಲಿಯೂ 3ರ ಉತ್ತರ ಡಿಎನ್‌ಎಗೆ ಹೊಂದಲಿಲ್ಲ. ಪರಿಣತರು ಪರಸ್ಪರರನ್ನೇ ಒಪ್ಪದ ವಿದ್ಯೆಯೊಂದು ಸತ್ಯವನ್ನು ಹೇಗೆ ಮುಟ್ಟೀತು ಎಂಬ ಪ್ರಶ್ನೆಗೆ ಈ ವಿದ್ಯೆಯ ಪಕ್ಷಪಾತಿಗಳು ಇಂದಿಗೂ ಉತ್ತರಿಸಿಲ್ಲ.

ಇದೇ ಬಗೆಯ ಪರೀಕ್ಷೆ ಫ್ಲಾರಿಡಾದಲ್ಲಿಯೂ ನಡೆಯಿತು. ಅಲ್ಲಿನ ನಾಲ್ಕು ಆಶ್ರಯಧಾಮಗಳ 120 ನಾಯಿಗಳ ಪೈಕಿ 62ನ್ನು ಸಿಬ್ಬಂದಿಯಲ್ಲಿ ಒಬ್ಬರಲ್ಲದಿದ್ದರೆ ಇನ್ನೊಬ್ಬರು 'ಪಿಟ್‌ಬುಲ್ ಜಾತಿಯದು' ಎಂದು ಗುರುತಿಸಿದ್ದರು. ಡಿಎನ್‌ಎ ಪ್ರಕಾರ ಆ ವಂಶದ ಸುಳಿವಿದ್ದದ್ದು ಒಟ್ಟು 25 ನಾಯಿಗಳಲ್ಲಿ. 2018ರಲ್ಲಿ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದ ಎರಡು ಆಶ್ರಯಧಾಮಗಳ 900ಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದ ಲೀಸಾ ಗುಂಟರ್ ಮತ್ತು ಸಂಗಡಿಗರಿಗೆ ಅವುಗಳಲ್ಲಿ 125 ತಳಿಗಳ ಅಂಶ ಕಂಡಿತು. ಅಪ್ಪಟ ಒಂದೇ ತಳಿಯವು ನೂರಕ್ಕೆ ಐದರಷ್ಟಿದ್ದವು. ಒಂದಕ್ಕಿಂತ ಹೆಚ್ಚು ತಳಿಯನ್ನು ಸಿಬ್ಬಂದಿ ಸರಿಯಾಗಿ ಹೇಳಿದ್ದು ನೂರಕ್ಕೆ ಹತ್ತು ನಾಯಿಗಳ ವಿಷಯದಲ್ಲಿ. ಇವೆಲ್ಲ ತಳಿನಾಯಿಗಳೇ ತುಂಬಿದ ಅಮೆರಿಕದ ಲೆಕ್ಕಗಳು ಎಂಬುದನ್ನು ಮರೆಯಬಾರದು. ಸುತ್ತಮುತ್ತ ತಳಿಗಳೇ ಇರುವ ನಾಡಿನಲ್ಲಿ ಬೆರಕೆಯನ್ನು ಓದಲಾರದ ಕಣ್ಣು, ತಳಿಗಳೇ ವಿರಳವಾದ ಜತ್ತ ತಾಲೂಕಿನ ಸಂಖದ ಓಣಿಯಲ್ಲಿ ಇಲ್ಲದ ಬೆರಕೆಯನ್ನು ಓದಿಬಿಡುತ್ತದೆ.

ಕಣ್ಣು ಸೋಲುವುದಕ್ಕೆ ಕಾರಣ ನೋಡುವವರ ಅಜ್ಞಾನವಲ್ಲ, ನಾಯಿಯ ದೇಹ ರೂಪುಗೊಳ್ಳುವ ಬಗೆ. ನಾಯಿಯ ಜೀವಕೋಶದಲ್ಲಿ 39 ಜೊತೆ ವರ್ಣತಂತುಗಳಿವೆ, ಅವುಗಳ ಮೇಲೆ ಸುಮಾರು 20 ಸಾವಿರ ಜೀನ್‌ಗಳಿವೆ, ಅಂದರೆ ದೇಹದ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ಸೂತ್ರಗಳಿವೆ. ಆದರೆ ತಳಿಗಳನ್ನು ಕಣ್ಣಿಗೆ ಬೇರೆ ಬೇರೆಯಾಗಿ ಕಾಣಿಸುವ ಎತ್ತರ, ಕೂದಲು, ಕಿವಿ, ಬಣ್ಣಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಇವುಗಳಲ್ಲಿ ಬೆರಳೆಣಿಕೆಯವು. ಬಹುತೇಕ ತಳಿಗಳ ಕೂದಲಿನ ವೈವಿಧ್ಯವನ್ನೆಲ್ಲ ಮೂರೇ ಜೀನ್‌ಗಳ ರೂಪಭೇದಗಳಿಂದ ವಿವರಿಸಬಹುದು ಎಂದು 2009ರಲ್ಲಿ ತೋರಿಸಲಾಯಿತು. ಗಾತ್ರದ ವಿಷಯದಲ್ಲಿ ಐಜಿಎಫ್-1 ಎಂಬ ಒಂದೇ ಜೀನಿನ ಪಾತ್ರ ದೊಡ್ಡದೆಂದು 2007ರಲ್ಲಿಯೇ ಗೊತ್ತಾಗಿತ್ತು. ಹೀಗಾಗಿ ನಾಯಿಯ ಹೊರರೂಪವನ್ನು ನೋಡಿ ಅದರ ವಂಶವನ್ನು ಹೇಳಹೊರಡುವವರು ಇಪ್ಪತ್ತು ಸಾವಿರ ಪುಟಗಳ ಗ್ರಂಥವೊಂದರ ರಟ್ಟನ್ನು ಮಾತ್ರ ನೋಡಿ ವಿಮರ್ಶೆ ಬರೆಯುವವರಂತೆ ವರ್ತಿಸುತ್ತಾರೆ.

ಅಮೆರಿಕದ ಬಾರ್ ಹಾರ್ಬರ್‌ನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಎರಡು ದಶಕಗಳ ಕಾಲ ನಾಯಿಗಳ ಮೇಲೆ ಕೆಲಸ ಮಾಡಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್ ಎಂಬ ಎರಡು ತಳಿಗಳ ಕೂಡಿಕೆಯ ವಿವರವಿದೆ. ಒಂದು ಆಫ್ರಿಕದ ನೆಟ್ಟಗಿವಿಯ, ಸಣ್ಣ ಕೂದಲಿನ ನಾಯಿ, ಇನ್ನೊಂದು ಜೋಲುಗಿವಿಯ, ಉದ್ದ ಕೂದಲಿನ ಇಂಗ್ಲಿಷ್ ಮೂಲದ ನಾಯಿ; ಇವೆರಡರ ಮಕ್ಕಳು ಎರಡನ್ನೂ ಅಷ್ಟಾಗಿ ಹೋಲಲಿಲ್ಲ, ಆ ಮಕ್ಕಳನ್ನೇ ಪರಸ್ಪರ ಕೂಡಿಸಿ ಪಡೆದ ಮೊಮ್ಮಕ್ಕಳಂತೂ ಒಂದೊಂದು ಒಂದೊಂದು ತೆರನಾದವು. ತಂದೆ ತಾಯಿ ಅಜ್ಜ ಅಜ್ಜಿಯರ ಹೆಸರು ದಾಖಲೆಯಲ್ಲಿರುವ, ಎರಡೇ ತಳಿಗಳ ಕೂಡಿಕೆಯಲ್ಲಿಯೇ ಹೀಗಾದರೆ, ತಂದೆ ಯಾರೆಂದು ತಾಯಿನಾಯಿಗಲ್ಲದೆ ಮತ್ತಾರಿಗೂ ತಿಳಿಯದ ಓಣಿಯ ಮರಿಯ ಅಜ್ಜನ ತಳಿಯನ್ನು ಅದರ ಬಾಲದ ಡೊಂಕಿನಲ್ಲಿ ಹುಡುಕುವುದು ಯಾವ ನ್ಯಾಯ?

ಒಂದು ನಾಯಿಯನ್ನು ಹತ್ತಿರದಿಂದ ನೋಡಿದರೆ ಈ ಊಹಾಶಾಸ್ತ್ರ ನಡೆಯುವ ರೀತಿ ತಿಳಿಯುತ್ತದೆ. ಜತ್ತ ಸೀಮೆಯಲ್ಲಿ ಎಲ್ಲಿ ಬೇಕಾದರೂ ಸಿಗುವಂಥ ಹೆಣ್ಣುನಾಯಿಯೊಂದನ್ನು ತೆಗೆದುಕೊಳ್ಳಬಹುದು: ಗೋಧಿಬಣ್ಣದ ಮೈ, ಕಪ್ಪು ಮೂತಿ, ಎದೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ, ನಾಲ್ಕು ಪಾದಗಳೂ ಬಿಳಿ, ನಾಲಿಗೆಯ ಮೇಲೆ ನೀಲಿಗಪ್ಪು ಕಲೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ತುದಿಯಲ್ಲಿ ಮಡಿಚಿಕೊಂಡದ್ದು, ಎಣಿಸಬಹುದಾದ ಪಕ್ಕೆಲುಬು. ಊಹಿಸುವವರು ಕಪ್ಪು ಮೂತಿಗೆ ಬೆಲ್ಜಿಯನ್ ಮ್ಯಾಲಿನ್ವಾ ಎನ್ನುತ್ತಾರೆ, ನಾಲಿಗೆಯ ಕಲೆಗೆ ಚೌ ಚೌ ಎನ್ನುತ್ತಾರೆ, ಉಬ್ಬಿದ ಎದೆಗೂಡು ಮತ್ತು ಒಳಸರಿದ ಹೊಟ್ಟೆಗೆ ಮುಧೋಳ ಎನ್ನುತ್ತಾರೆ. ಆದರೆ ಕಪ್ಪು ಮೂತಿ ಮತ್ತು ಗೋಧಿಬಣ್ಣ ಜಗತ್ತಿನ ಎಲ್ಲ ಖಂಡಗಳ ಊರ ನಾಯಿಗಳಲ್ಲಿ ಸಾಮಾನ್ಯ. ಎದೆ ಪಾದಗಳ ಬಿಳುಪು ಸಾಕುಪ್ರಾಣಿಗಳಲ್ಲೆಲ್ಲ ಕಾಣುವಂಥದು. ನಾಲಿಗೆಯ ಕಲೆ ಹತ್ತಾರು ತಳಿಗಳಲ್ಲಿಯೂ ತಳಿಯಿಲ್ಲದ ನಾಯಿಗಳಲ್ಲಿಯೂ ಬರುವ ವರ್ಣದ್ರವ್ಯದ ಮಚ್ಚೆಯಷ್ಟೇ. ಪಕ್ಕೆಲುಬಿನ ಮಾತಂತೂ ನಗೆ ತರಿಸುವಂಥದು, ಏಕೆಂದರೆ ಮುಧೋಳದ ಲಕ್ಷಣವೆಂದು ಹೇಳುವ ಅರ್ಧ ಅಂಶ ಹೊಟ್ಟೆತುಂಬ ಕೂಳು ಸಿಕ್ಕ ಎರಡು ತಿಂಗಳಲ್ಲಿ ಮಾಯವಾಗುತ್ತದೆ. ಈ ನಾಯಿಯ ಮೈಮೇಲೆ ಕಣ್ಣಿನಿಂದ ಖಚಿತವಾಗಿ ಓದಬಹುದಾದ ಸಂಗತಿ ಒಂದೇ ಇರಬಹುದು: ಒಂದು ಕಿವಿಯ ತುದಿ ಚೊಕ್ಕಟವಾಗಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ. ಆ ಗುರುತನ್ನು ಮನುಷ್ಯರೇ ಮಾಡಿದ್ದರಿಂದ ಅದು ಓದಲು ಬರುತ್ತದೆ.

ಮರಿಗಳ ವಿಷಯದಲ್ಲಿ ಊಹೆ ಇನ್ನೂ ಹಗುರಾದದ್ದು. ಎಂಟು ವಾರದ ಕುನ್ನಿಗಳೆಲ್ಲ ದುಂಡುಮುಖದವು, ಜೋಲುಗಿವಿಯವು, ಆದ್ದರಿಂದ ಎಲ್ಲವೂ 'ಲ್ಯಾಬ್'. ಹಲ್ಲು ಬದಲಾಗುವ ಹೊತ್ತಿಗೆ ಕಿವಿ ನಿಲ್ಲುತ್ತದೆ, ಮೂತಿ ಚಾಚುತ್ತದೆ, ಒಯ್ದವರು ಮೋಸಹೋದೆವೆಂದು ಕೊರಗುತ್ತಾರೆ.

ಈ ವಾದಕ್ಕೆ ಜತ್ತ ಸೀಮೆಯಲ್ಲಿಯೇ ಬಲವಾದ ಪ್ರತಿವಾದವೊಂದಿದೆ, ಅದನ್ನು ಕಡೆಗಣಿಸುವುದು ಅಪ್ರಾಮಾಣಿಕತೆಯಾದೀತು. ಇದೇ ತಾಲೂಕಿನ ಮಾಡಗ್ಯಾಳದ ಹೆಸರಿನ ಕುರಿಯನ್ನು, ಅದರ ಎತ್ತರ, ಗಿಳಿಮೂಗಿನಂತೆ ಬಾಗಿದ ಮುಖ, ಬಿಳಿಯ ಮೇಲಿನ ಕಂದು ಮಚ್ಚೆಗಳಿಂದ ಕುರಿಗಾಹಿ ದೂರದಿಂದಲೇ ಗುರುತಿಸುತ್ತಾನೆ; ಖಿಲಾರಿ ಹೋರಿಯನ್ನು ಜಾತ್ರೆಯ ದನದ ಸಂತೆಯಲ್ಲಿ ಕೊಂಬಿನ ಬಾಗು, ಹಣೆಯ ಕಟ್ಟು, ಗೊರಸುಗಳಿಂದಲೇ ಬೆಲೆ ಕಟ್ಟುವವರಿದ್ದಾರೆ; ಅವರ ಕಣ್ಣು ತಪ್ಪುವುದು ಅಪರೂಪ. ಕುರಿಯಲ್ಲಿ, ದನದಲ್ಲಿ ಸಾಧ್ಯವಾದದ್ದು ನಾಯಿಯಲ್ಲಿ ಏಕಾಗದು ಎಂದು ಈ ಅನುಭವಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಉತ್ತರ ಅವರ ವೃತ್ತಿಯಲ್ಲಿಯೇ ಇದೆ. ಮಾಡಗ್ಯಾಳದ ಟಗರನ್ನು ಹಿಂಡಿಗೆ ಬಿಡುವವನು ಅದನ್ನು ಆರಿಸಿ ಬಿಟ್ಟಿರುತ್ತಾನೆ, ಉಳಿದ ಗಂಡುಮರಿಗಳನ್ನು ಮಾರಿರುತ್ತಾನೆ ಅಥವಾ ಕಸಿಮಾಡಿಸಿರುತ್ತಾನೆ. ಖಿಲಾರಿ ಆಕಳನ್ನು ಹಾಯಿಸಲು ಯಾವ ಊರಿನ ಯಾವ ಹೋರಿಯ ಬಳಿಗೆ ಹೊಡೆದುಕೊಂಡು ಹೋದರೆಂಬುದು ಕೊಳ್ಳುವವನಿಗೂ ಗೊತ್ತಿರುತ್ತದೆ. ಹೈನುಗಾರಿಕೆಯ ಸಂಕರ ಹಸುವಿನ ವಿಷಯದಲ್ಲಿ ಕೃತಕ ಗರ್ಭಧಾರಣೆಗೆ ಬಳಸಿದ ಹೋರಿಯ ಸಂಖ್ಯೆಯನ್ನು ಬರೆದಿಡಲು ವ್ಯವಸ್ಥೆಯಿದೆ, ಕಿವಿಯಲ್ಲಿ 12 ಅಂಕೆಯ ಹಳದಿ ಬಿಲ್ಲೆಯಿರುತ್ತದೆ. ಅಂದರೆ ಅಲ್ಲಿ ಕಣ್ಣು ವಂಶವನ್ನು ಕಂಡುಹಿಡಿಯುವುದಿಲ್ಲ, ಗೊತ್ತಿರುವ ವಂಶವನ್ನು ದೃಢಪಡಿಸುತ್ತದೆ. ಸಂತೆಗೆ ಬಂದ ಪ್ರಾಣಿಯ ಹಿಂದೆ ಊರಿದೆ, ಒಡೆಯನಿದ್ದಾನೆ, ಕೇಳಿದರೆ ಹೇಳುವ ಬಾಯಿಗಳಿವೆ. ನಾಯಿಯ ವಿಷಯದಲ್ಲಿ ಈ ಯಾವ ಆಧಾರವೂ ಇಲ್ಲ. ಬೆದೆಗೆ ಬಂದ ಹೆಣ್ಣುನಾಯಿಯ ಹಿಂದೆ ನಾಲ್ಕೈದು ಗಂಡುಗಳು ಹತ್ತಾರು ದಿನ ಅಲೆಯುವುದು ಎಲ್ಲ ಊರಿನ ದೃಶ್ಯ, ಮತ್ತು ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ನಾಯಿಯಲ್ಲಿ ಸಾಧಾರಣವಾಗಿ ಸಾಧ್ಯ. ಖಿಲಾರಿಯನ್ನು ತಪ್ಪದೆ ಗುರುತಿಸುವ ರೈತನೇ, ತಂದೆ ಗೊತ್ತಿಲ್ಲದ ಕರುವನ್ನು ಖಿಲಾರಿಯ ಬೆಲೆಗೆ ಕೊಳ್ಳುವುದಿಲ್ಲ. ತನ್ನ ಕಣ್ಣಿನ ಮಿತಿಯನ್ನು ಅವನು ಚೆನ್ನಾಗಿ ಬಲ್ಲ. ಅದನ್ನು ಮರೆಯುವುದು ನಾಯಿಯ ಮುಂದೆ ನಿಂತಾಗ ಮಾತ್ರ.

ಇಲ್ಲಿಂದ ಮೂಲಭೂತವಾದ ತಪ್ಪಿಗೆ ಬರಬಹುದು. ತಳಿ ಎಂದರೆ ಕಣ್ಣಿಗೆ ಒಂದೇ ತೆರನಾಗಿ ಕಾಣುವ ನಾಯಿಗಳ ಗುಂಪಲ್ಲ. ವಂಶಾವಳಿ ಪುಸ್ತಕವೊಂದನ್ನು ತೆರೆದು, ಅದರಲ್ಲಿ ಹೆಸರಿರುವ ನಾಯಿಗಳ ನಡುವೆ ಮಾತ್ರ ಕೂಡಿಕೆ ನಡೆಸಿ, ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿದಾಗ ಆಧುನಿಕ ಅರ್ಥದ ತಳಿ ಹುಟ್ಟುತ್ತದೆ. ಈ ಪದ್ಧತಿ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನದು: ನ್ಯೂಕ್ಯಾಸಲ್‌ನಲ್ಲಿ ಮೊದಲ ಶ್ವಾನ ಪ್ರದರ್ಶನ ನಡೆದದ್ದು 1859ರಲ್ಲಿ, ಲಂಡನ್ನಿನ ಕೆನಲ್ ಕ್ಲಬ್ ಸ್ಥಾಪನೆಯಾದದ್ದು 1873ರಲ್ಲಿ. ಇಂದು ಹೆಸರಾದ ತಳಿಗಳಲ್ಲಿ ಹೆಚ್ಚಿನವು ಆ ಕಾಲದಿಂದೀಚೆಗೆ ಹೀಗೆ ಬೇಲಿ ಹಾಕಿ ಬೇರ್ಪಡಿಸಿದವು. ನಾಯಿಯಾದರೋ ಮನುಷ್ಯನ ಸಂಗಡ ಕನಿಷ್ಠ ಹದಿನಾಲ್ಕು ಸಾವಿರ ವರ್ಷಗಳಿಂದ ಇದೆ. ಊರ ನಾಯಿ ತಳಿಗಳು ಬೆರೆತು ಹುಟ್ಟಿದ್ದಲ್ಲ, ತಳಿಗಳೇ ಊರ ನಾಯಿಗಳಿಂದ ಆರಿಸಿ ತೆಗೆದವು. ಅಜ್ಜಿಯನ್ನು ಮೊಮ್ಮಗಳ ಬೆರಕೆ ಎಂದು ಕರೆಯುವ ಲೆಕ್ಕಾಚಾರವನ್ನು ಶಾಸ್ತ್ರವೆನ್ನಲಾಗದು.

ಇದು ಭಾವನೆಯ ಮಾತಲ್ಲ. 2015ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 38 ದೇಶಗಳ 549 ಊರ ನಾಯಿಗಳನ್ನು 161 ತಳಿಗಳ ನಾಯಿಗಳೊಡನೆ ಹೋಲಿಸಿತು. ದಕ್ಷಿಣ ಅಮೆರಿಕ ಮತ್ತು ದಕ್ಷಿಣ ಶಾಂತಸಾಗರದ ದ್ವೀಪಗಳ ಊರ ನಾಯಿಗಳು ಬಹುತೇಕ ಐರೋಪ್ಯ ಮೂಲದವೆಂದು ಅಲ್ಲಿ ಕಂಡುಬಂದರೆ, ಭಾರತ, ವಿಯೆಟ್ನಾಂ, ಈಜಿಪ್ಟ್‌ಗಳ ಊರ ನಾಯಿಗಳಲ್ಲಿ ಐರೋಪ್ಯ ನಾಯಿಗಳ ಬೆರಕೆ ತೀರ ಅಲ್ಪವೆಂದು ತಿಳಿಯಿತು. ಪುಣೆ, ಬೆಂಗಳೂರುಗಳ ಕೆಲವು ಬಡಾವಣೆಗಳಲ್ಲಿ, ಸಾಕಿ ಬಿಟ್ಟುಹೋದ ತಳಿನಾಯಿಗಳಿಂದಾಗಿ, ಬೆರಕೆ ಹೆಚ್ಚಿರಬಹುದು ಎಂಬುದನ್ನು ಒಪ್ಪಬೇಕು. ಆದರೆ ಜತ್ತ ತಾಲೂಕಿನ ಬಿಳೂರಿನ ಅಥವಾ ಉಮದಿಯ ಗೋಧಿಬಣ್ಣದ ನಾಯಿಯಲ್ಲಿ ಲ್ಯಾಬ್ರಡಾರನ್ನು ಕಾಣುವವರು ಇಲ್ಲದ ನೆಂಟಸ್ತಿಕೆ ಕಟ್ಟುತ್ತಿದ್ದಾರೆ. ಈ ನಾಯಿಗಳನ್ನು ವಿಜ್ಞಾನಿಗಳು ನಾಡತಳಿ ಎಂಬ ವರ್ಗಕ್ಕೆ ಸೇರಿಸುತ್ತಾರೆ: ಯಾವ ಪುಸ್ತಕವೂ ಇಲ್ಲದೆ, ಒಂದು ಸೀಮೆಯ ಬಿಸಿಲು, ಮೇವು, ಕೆಲಸ ಮತ್ತು ರೋಗಗಳ ಒತ್ತಡದಲ್ಲಿ ತಾನಾಗಿ ರೂಪುಗೊಂಡ, ಒಳಗೆ ಸಾಕಷ್ಟು ವೈವಿಧ್ಯವುಳ್ಳ ಪ್ರಾಣಿಸಮೂಹ. ಬಿಸಿಲುನಾಡಿನಲ್ಲಿ ತೆಳುಮೈ, ಉದ್ದಕಾಲು, ಸಣ್ಣ ಕೂದಲಿನ ನಾಯಿ ಬದುಕಲು ಅನುಕೂಲವಾದ್ದರಿಂದಲೇ ಆ ರೂಪ ಅಲ್ಲಿ ಹೆಚ್ಚು. ಅದಕ್ಕೆ ಬೇಟೆನಾಯಿಯ ಅಜ್ಜ ಬೇಕಿಲ್ಲ.

ಬೇಟೆನಾಯಿಯ ಕಥೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಜತ್ತ, ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಗಳ ಒಣನಾಡಿನಲ್ಲಿ ಕುರುಬರು, ಧನಗರರು, ಬೇಡರು ಸಾಕಿಕೊಂಡು ಬಂದ ಓಟದ ನಾಯಿಗೆ ಮರಾಠಿ ಸೀಮೆಯಲ್ಲಿ ಕಾರವಾನಿ ಎಂಬ ಹೆಸರು, ರೇಷ್ಮೆಯಂಥ ಉದ್ದ ಕೂದಲಿದ್ದರೆ ಪಶ್ಮಿ ಎಂಬ ಹೆಸರು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಯಿಗಳನ್ನು ಆರಿಸಿ ಬೆಳೆಸಿ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಮೇಲೆ ಮುಧೋಳ ನಾಯಿ ಎಂಬ ಹೆಸರು ಲೋಕಪ್ರಸಿದ್ಧವಾಯಿತು. ಅದರ ಪೂರ್ವಜರು ಪರ್ಷಿಯದಿಂದ ಬಂದರು, ತುರ್ಕಿಯಿಂದ ಬಂದರು, ವ್ಯಾಪಾರಿಗಳ ಸಾರ್ಥಗಳೊಡನೆ ಬಂದರು ಎಂಬ ಕಥೆಗಳು ಬಹಳ. ಋಷಿಮೂಲ ನದೀಮೂಲಗಳ ಸಾಲಿಗೆ ಶ್ವಾನಮೂಲವನ್ನೂ ಸೇರಿಸಬಹುದು. ಒಂದೇ ನಾಯಿಯನ್ನು ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾ ಕಾರವಾನ್ ಹೌಂಡ್ ಎಂದೂ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂದೂ ದಾಖಲಿಸುತ್ತ ಬಂದಿರುವುದು, ಈ ತಳಿಯ ಬೇಲಿ ಎಷ್ಟು ಇತ್ತೀಚಿನದು ಎಂಬುದನ್ನು ತೋರಿಸುತ್ತದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ನಡೆಯುತ್ತಿದೆ. 2020ರ ಆಗಸ್ಟ್ 30ರ 'ಮನ್ ಕಿ ಬಾತ್' ಭಾಷಣದಲ್ಲಿ ಪ್ರಧಾನಿ ಅದರ ಹೆಸರೆತ್ತಿದರು. ಹೆಸರು ದೊಡ್ಡದಾದಷ್ಟೂ ಆ ಹೆಸರಿನ ಪಾಲುದಾರಿಕೆ ಬಯಸುವ ಓಣಿಯ ನಾಯಿಗಳ ಒಡೆಯರೂ ಹೆಚ್ಚಾದರು.

ಆದ್ದರಿಂದ ಜತ್ತದ ಉದ್ದಮೂತಿಯ ಜವಾರಿ ನಾಯಿಗೂ ಮುಧೋಳ ನಾಯಿಗೂ ಹೋಲಿಕೆಯಿದ್ದರೆ ಅದಕ್ಕೆ ಎರಡು ವಿವರಣೆಗಳು ಸಾಧ್ಯ: ಮುಧೋಳ ನಾಯಿಯ ರಕ್ತ ಓಣಿಗೆ ಇಳಿದಿರಬಹುದು, ಅಥವಾ ಓಣಿಯ, ದೊಡ್ಡಿಯ ನಾಯಿಗಳಿಂದಲೇ ಮುಧೋಳ ನಾಯಿಯನ್ನು ಆರಿಸಿ ತೆಗೆದಿರಬಹುದು. ಅರಮನೆಯ ಆರೈಕೆಗಿಂತ ಮೊದಲು ಅದು ದೊಡ್ಡಿಯ ನಾಯಿಯಾಗಿತ್ತು ಎಂಬ ವಿಷಯದಲ್ಲಿ ಯಾರಿಗೂ ತಕರಾರಿಲ್ಲದಿರುವಾಗ, 'ಕ್ರಾಸ್' ಎನ್ನುವವರು ಮೊದಲನೆಯ ವಿವರಣೆಯೊಂದನ್ನೇ ಹಿಡಿದು ಕೂರುವುದಕ್ಕೆ ಪ್ರತಿಷ್ಠೆಯ ಹೊರತು ಬೇರೆ ಕಾರಣ ಕಾಣುವುದಿಲ್ಲ. ಹೆಸರಿಲ್ಲದ ನಾಯಿಯನ್ನು ಸಾಕಲು ಮುಜುಗರಪಡುವವರಿಗೆ ಅರ್ಧ ಹೆಸರಾದರೂ ಬೇಕು.

ಕಣ್ಣು ಬೇಡವೆಂದರೆ ಡಿಎನ್‌ಎ ಪರೀಕ್ಷೆ ಮಾಡಿಸಿದರಾಯಿತು ಎಂಬ ಪರಿಹಾರವೂ ಈಗ ಕೇಳಿಬರುತ್ತಿದೆ. ಆ ಪರೀಕ್ಷೆ ನಡೆಯುವುದು ಹೋಲಿಕೆಯಿಂದ: ಎಂಜಲಿನಲ್ಲಿ ಸಿಕ್ಕ ಜೀನ್ ವಿನ್ಯಾಸವನ್ನು ಸಂಸ್ಥೆಯ ಬಳಿಯಿರುವ ತಳಿಗಳ ಮಾದರಿಗಳೊಡನೆ ಇಟ್ಟು ನೋಡಿ ಹತ್ತಿರದವನ್ನು ಹೆಸರಿಸಲಾಗುತ್ತದೆ. ಮಾದರಿಗಳಲ್ಲಿ ಭಾರತದ ಊರ ನಾಯಿ ಇಲ್ಲದಿದ್ದರೆ ಯಂತ್ರವೂ ಇರುವ ಹೆಸರುಗಳಲ್ಲೇ ಒಂದನ್ನು ಅಂಟಿಸುತ್ತದೆ, ಮತ್ತು ಫಲಿತಾಂಶದ ಹಾಳೆಯಲ್ಲಿ ಶೇಕಡಾವಾರು ಅಂಕಿಗಳಿರುವುದರಿಂದ ಈ ತಪ್ಪು ಕಣ್ಣಿನ ತಪ್ಪಿಗಿಂತ ಗಟ್ಟಿಯಾಗಿ ಕಾಣುತ್ತದೆ. ಕೆಲವು ಸಂಸ್ಥೆಗಳು ಊರ ನಾಯಿಯನ್ನು ಪ್ರತ್ಯೇಕ ವರ್ಗವಾಗಿಯೇ ಗುರುತಿಸುತ್ತಿರುವುದು ಒಳ್ಳೆಯ ಬೆಳವಣಿಗೆ. ಸಾವಿರಾರು ರೂಪಾಯಿ ಕೊಟ್ಟು ತಮ್ಮ ಊರ ನಾಯಿ ಊರ ನಾಯಿಯೇ ಎಂದು ತಿಳಿದುಕೊಳ್ಳುವವರನ್ನು ತಡೆಯಬೇಕಿಲ್ಲ.

ತಳಿಯ ಹೆಸರು ತಪ್ಪಾದರೂ ಏನು ಕೇಡು, ಅದೊಂದು ವಿನೋದ ಎನ್ನುವವರುಂಟು. ಊಹೆ ವಿನೋದವಾಗಿಯೇ ಉಳಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹೆಸರು ಬಂದ ಕೂಡಲೇ ಸ್ವಭಾವವೂ ಹಿಂದೆಯೇ ಬರುತ್ತದೆ: ಮುಧೋಳ ಎಂದಮೇಲೆ ಅದು ಅಪರಿಚಿತರನ್ನು ಸೇರದು, ಕೋಳಿಯ ಬೆನ್ನುಬೀಳುತ್ತದೆ, ಕಟ್ಟಿಯೇ ಹಾಕಬೇಕು, ಲ್ಯಾಬ್ ಎಂದಮೇಲೆ ಮಕ್ಕಳೊಡನೆ ಬಿಟ್ಟರೂ ಭಯವಿಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರಗಳನ್ನು ಅವುಗಳ ಒಡೆಯರಿಂದ ಪಡೆದು, 2 ಸಾವಿರಕ್ಕೂ ಹೆಚ್ಚು ನಾಯಿಗಳ ಜೀನ್ ವಿನ್ಯಾಸವನ್ನು ಓದಿ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ನೂರಕ್ಕೆ ಒಂಬತ್ತರಷ್ಟು ಮಾತ್ರ ಎಂದು ತೋರಿಸಿತು. ಮನುಷ್ಯನ ಆಜ್ಞೆಗೆ ಒಗ್ಗುವ ಗುಣದಂಥ ಕೆಲವು ವಿಷಯಗಳಲ್ಲಿ ತಳಿಯ ಪಾತ್ರ ತುಸು ಹೆಚ್ಚೆಂದೂ ಅದು ಹೇಳಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದಾಖಲೆಯಿರುವ ತಳಿಯೇ ಇಷ್ಟು ಕಡಿಮೆ ಹೇಳುವಾಗ, ಊಹಿಸಿದ ತಳಿ, ಅದೂ ಬಹುತೇಕ ತಪ್ಪಾಗಿ ಊಹಿಸಿದ ತಳಿ, ಏನು ಹೇಳೀತು? ಲ್ಯಾಬ್ ಎಂಬ ಭರವಸೆಯಿಂದ ಪುಟ್ಟ ಮಗುವಿನ ಬಳಿ ಒಂಟಿಯಾಗಿ ಬಿಟ್ಟ ನಾಯಿ ಕಚ್ಚಿದರೆ ತಪ್ಪು ನಾಯಿಯದಲ್ಲ. ಕಾರವಾನಿ ಎಂಬ ಭಯದಿಂದ ಹಗಲಿರುಳು ಸರಪಳಿಯಲ್ಲಿಟ್ಟ ನಾಯಿ ಸಿಡುಕಾದರೆ ಅದಕ್ಕೂ ವಂಶ ಕಾರಣವಲ್ಲ.

ಊಹೆಗೆ ಕಾನೂನಿನ ಬಲ ಬಂದರೆ ಕೇಡು ಇನ್ನೂ ಹೆಚ್ಚು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಪಿಟ್‌ಬುಲ್, ರಾಟ್‌ವೈಲರ್, ಟೋಸಾ ಇನು, ಕಂಗಾಲ್ ಮೊದಲಾದ 23 ಬಗೆಯ ನಾಯಿಗಳ ಸಾಕಣೆಗೆ, ಮಾರಾಟಕ್ಕೆ ಪರವಾನಗಿ ಕೊಡಕೂಡದು, ಇರುವವುಗಳಿಗೆ ಸಂತಾನಹರಣ ಮಾಡಿಸಬೇಕು ಎಂದು ಸೂಚಿಸಲಾಗಿತ್ತು, ಮತ್ತು ಆ ತಳಿಗಳ ಮಿಶ್ರ ಹಾಗೂ ಸಂಕರ ನಾಯಿಗಳನ್ನೂ ಅದರಲ್ಲಿ ಸೇರಿಸಲಾಗಿತ್ತು. ಮಿಶ್ರವೆಂದು ಹೇಳುವವರು ಯಾರು, ಯಾವ ಆಧಾರದಿಂದ ಎಂಬುದಕ್ಕೆ ಆ ಪತ್ರದಲ್ಲಿ ದಾರಿಯಿರಲಿಲ್ಲ. ಉಳಿಯುವುದು ಪಟ್ಟಣದ ಗುಮಾಸ್ತರ ಅಥವಾ ನೆರೆಮನೆಯವರ ಕಣ್ಣು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂಬ ಕಾರಣವನ್ನೂ ಕೊಟ್ಟು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ಅದನ್ನು ರದ್ದುಗೊಳಿಸಿತು. ಅದೇ ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದು ಕರೆದು, ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆನ್ನುತ್ತವೆ. ಆ ಕೆಲಸಕ್ಕೆ ಬೇಕಾದದ್ದು ಹಿಡಿದ ಸ್ಥಳ, ಲಿಂಗ, ಮೈಮೇಲಿನ ಗುರುತುಗಳೇ ಹೊರತು ಅಜ್ಜನ ಹೆಸರಲ್ಲ.

ಒಂದು ಕಡೆ ಮಾತ್ರ ಊಹೆಗೆ ತುಸು ಎಡೆಯಿದೆ. ಕಾಲಿ ಜಾತಿಯ ನಾಯಿಗಳಲ್ಲಿ ಐವರ್‌ಮೆಕ್ಟಿನ್ ಎಂಬ ಕಜ್ಜಿಯ ಔಷಧ ಹೆಚ್ಚಿನ ಪ್ರಮಾಣದಲ್ಲಿ ವಿಷವಾಗಬಲ್ಲ ಜೀನ್ ದೋಷವಿದೆ. ಗ್ರೇಹೌಂಡ್‌ಗಳಲ್ಲಿ ಕೆಲವು ಅರಿವಳಿಕೆ ಔಷಧಗಳ ಪರಿಣಾಮ ಬೇಗ ಇಳಿಯುವುದಿಲ್ಲ. ಆ ರೂಪ ಕಂಡ ಪಶುವೈದ್ಯರು ಕೈ ಬಿಗಿಹಿಡಿದು ಔಷಧ ಕೊಟ್ಟರೆ ಯಾರೂ ಆಕ್ಷೇಪಿಸಬೇಕಿಲ್ಲ. ಎಚ್ಚರಿಕೆ ತಪ್ಪಾದರೆ ಕಳೆದುಕೊಳ್ಳುವುದು ಕಡಿಮೆ. ಆದರೆ ಎಚ್ಚರಿಕೆಯನ್ನು ಜ್ಞಾನವೆಂದು ಬರೆದಿಡಬಾರದು.

ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ಸರ್ಕಾರಿ ಆಶ್ರಯಧಾಮವೊಂದು ನಾಯಿಗಳ ಚೀಟಿಗಳಿಂದ ತಳಿಯ ಹೆಸರನ್ನೇ ತೆಗೆದುಹಾಕಿದಾಗ ಪಿಟ್‌ಬುಲ್ ಎನಿಸಿಕೊಂಡವುಗಳಷ್ಟೇ ಅಲ್ಲದೆ ಉಳಿದ ನಾಯಿಗಳೂ ಹೆಚ್ಚು ಸಂಖ್ಯೆಯಲ್ಲಿ ದತ್ತು ಹೋದವೆಂಬುದು ಗುಂಟರ್ ಅವರ 2016ರ ಅಧ್ಯಯನದಲ್ಲಿ ದಾಖಲಾಗಿದೆ. ಸಾಂಗಲಿ ಜಿಲ್ಲೆಯಲ್ಲಾಗಲಿ ಗಡಿಯಾಚೆಯ ವಿಜಯಪುರ, ಬೆಳಗಾವಿಗಳಲ್ಲಾಗಲಿ ನಾಯಿ ದತ್ತು ಕೊಡುವವರು ಇದನ್ನು ಅನುಸರಿಸಲು ಯಾವ ಖರ್ಚೂ ಇಲ್ಲ. ಚೀಟಿಯಲ್ಲಿ ತಳಿ ಎಂಬ ಜಾಗದಲ್ಲಿ ಊರ ನಾಯಿ ಎಂದು ಬರೆದು, ಉಳಿದ ಜಾಗವನ್ನು ಕಣ್ಣಾರೆ ಕಂಡ ಸಂಗತಿಗಳಿಗೆ ಮೀಸಲಿಡಲಿ: ವಯಸ್ಸು ಸುಮಾರು ಎಷ್ಟು, ರೇಬಿಸ್ ಲಸಿಕೆ ಯಾವ ದಿನ ಹಾಕಿಸಿದ್ದು, ಸಂತಾನಹರಣ ಆಗಿದೆಯೇ, ಉಣ್ಣುವಾಗ ತಟ್ಟೆಗೆ ಕೈಹಾಕಿದರೆ ಗುರುಗುಟ್ಟುತ್ತದೆಯೇ, ಕುರಿ ಕೋಳಿಗಳ ನಡುವೆ ಬಿಟ್ಟರೆ ಏನು ಮಾಡುತ್ತದೆ, ಮಕ್ಕಳ ಗಲಾಟೆಗೆ ಬೆದರುತ್ತದೆಯೇ, ಪಟಾಕಿಯ ಸದ್ದಿಗೆ ಎಲ್ಲಿ ಅಡಗುತ್ತದೆ. ಒಯ್ಯುವವರು ಕೇಳಬೇಕಾದದ್ದೂ ಇವನ್ನೇ, ಮತ್ತು ಇವಕ್ಕೆ ಉತ್ತರ ಹೇಳಲಾಗದೆ ತಳಿಯೊಂದನ್ನೇ ಹೇಳುವವರಿಂದ ನಾಯಿಯನ್ನು ಒಯ್ಯದಿರುವುದು ಒಳ್ಳೆಯದು.